ಆ 25 ಮೇಲಿರಬೇಕಿತ್ತು

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರ ನಿಮ್ಮ ವಿಜ್ಞಾನ ಪುಟದಲ್ಲಿ ಕ್ವಾಂಟಮ್ ಕಂಪ್ಯೂಟರ್ ಬಗ್ಗೆ ಬಂದ ಬರಹ ಓದಿದೆ. ಗೂಗಲ್‌ನ ವಿಲ್ಲೋ ಎಂಬ ಚಿಪ್ ಐದು ನಿಮಿಷದೊಳಗೆ ಮುಗಿಸಿದ ಲೆಕ್ಕಕ್ಕೆ ಇವತ್ತಿನ ದೊಡ್ಡ ಸೂಪರ್‌ಕಂಪ್ಯೂಟರ್‌ಗೆ ‘1025 ವರ್ಷ’ ಬೇಕು ಎಂದು ಅದರಲ್ಲಿತ್ತು. ಸಾವಿರದ ಇಪ್ಪತ್ತೈದು ವರ್ಷ! ಅಲ್ಲ ಸ್ವಾಮಿ, ಅದು ಹತ್ತರ ಘಾತ ಇಪ್ಪತ್ತೈದು. ಆ 25 ಎಂಬುದು 10ರ ಹೆಗಲ ಮೇಲೆ ಸಣ್ಣದಾಗಿ ಕೂರಬೇಕಿತ್ತು. ಪುಟ ಕಟ್ಟುವಾಗ ಜಾರಿ ಕೆಳಗೆ ಬಿದ್ದಿದೆ. ಅದು ಒಂದರ ಮುಂದೆ 25 ಸೊನ್ನೆ ಇರುವ ಸಂಖ್ಯೆ. ವಿಶ್ವ ಹುಟ್ಟಿಯೇ ಸುಮಾರು 1,380 ಕೋಟಿ ವರ್ಷವಾಗಿದೆ ಅಷ್ಟೇ.

ನಾನು ಮೂವತ್ತೊಂದು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದವನು. ಮೊದಲು ಅಚ್ಚುಮೊಳೆ ಜೋಡಿಸುವ ಕಾಲ, ಆಮೇಲೆ ಡಿಟಿಪಿ. ನಿವೃತ್ತನಾಗಿ ಒಂಬತ್ತು ವರ್ಷವಾಯಿತು. ಈಗಲೂ ಪೇಪರ್ ಓದುವಾಗ ಕೈಯಲ್ಲಿ ಕೆಂಪು ಪೆನ್ನು ಇರುತ್ತದೆ. ಮನೆಯವರು ನಗುತ್ತಾರೆ.

ಒಂದು ಅಂಕಿ ತಿದ್ದುವುದಕ್ಕೆ ಕಾರ್ಡು ಸಾಕಿತ್ತು. ಇಷ್ಟುದ್ದ ಬರೆಯಲು ಕಾರಣ ಬೇರೆ. ಆ ಬರಹವಿಡೀ ಆ ಒಂದು ಸಂಖ್ಯೆಯ ಸುತ್ತಲೇ ಗಿರಕಿ ಹೊಡೆಯಿತು. ಅದೇ ಚಿಪ್‌ನ ಅಸಲಿ ಸುದ್ದಿಗೆ ಒಂದು ಸಾಲೂ ಸಿಗಲಿಲ್ಲ. ಆ ಸುದ್ದಿ ತಪ್ಪು ತಿದ್ದುವುದರದ್ದು, ಅಂದರೆ ನನ್ನ ಕಸುಬಿನದ್ದು. ಅದಕ್ಕೇ ಹೊಟ್ಟೆ ಉರಿಯಿತು ಅನ್ನಿ.

ಮೊದಲು ಆ ಸಂಖ್ಯೆಯ ವಿಷಯ ಮುಗಿಸಿಬಿಡುತ್ತೇನೆ. ಚಿಪ್ ಮಾಡಿದ ಲೆಕ್ಕ ಅದಕ್ಕೆಂದೇ ಆರಿಸಿಕೊಂಡ ಪರೀಕ್ಷೆ. ಹೇಗೆಂದರೆ ಹಾಗೆ ಜೋಡಿಸಿದ ಸರ್ಕಿಟ್ ಓಡಿಸಿ, ಬಂದ ಉತ್ತರಗಳ ಮಾದರಿ ತೆಗೆಯುವುದು. ಇದರಿಂದ ಹೊರಜಗತ್ತಿನಲ್ಲಿ ಇನ್ನೂ ಯಾವ ಉಪಯೋಗವೂ ಗೊತ್ತಿಲ್ಲ ಎಂದು 2024ರ ಡಿಸೆಂಬರ್‌ನಲ್ಲಿ ಚಿಪ್ ಹೊರಗೆ ತಂದಾಗ ಗೂಗಲ್‌ನವರೇ ಒಪ್ಪಿಕೊಂಡಿದ್ದಾರೆ. ಇಂಥ ಸಂಖ್ಯೆಗಳು ಆಮೇಲೆ ಕರಗುವುದೂ ಉಂಟು. 2019ರಲ್ಲಿ ಇದೇ ಕಂಪನಿ 53 ಕ್ಯೂಬಿಟ್‌ಗಳ (ಕ್ಯೂಬಿಟ್ ಅಂದರೆ ಕ್ವಾಂಟಮ್ ಕಂಪ್ಯೂಟರಿನ ಲೆಕ್ಕದ ಬಿಡಿ ಘಟಕ, ಸೊನ್ನೆ-ಒಂದು ಎರಡೂ ಬೆರೆತು ಇರಬಲ್ಲದು) ಸಿಕಮೋರ್ ಚಿಪ್ ತೋರಿಸಿ, 200 ಸೆಕೆಂಡಿನ ಈ ಕೆಲಸಕ್ಕೆ ಸೂಪರ್‌ಕಂಪ್ಯೂಟರ್‌ಗೆ 10,000 ವರ್ಷ ಬೇಕು ಎಂದಿತ್ತು. ಎರಡೂವರೆ ದಿನ ಸಾಕು ಎಂದು ಐಬಿಎಂ ಆಗಲೇ ವಾದಿಸಿತು. ವೇಗದ ಜಂಭ ಅಂದರೆ ಹೀಗೇ. ಪಕ್ಕದವನು ಜಾಣನಾದರೆ ಅರ್ಧ ಇಳಿದುಹೋಗುತ್ತದೆ.

ಇನ್ನು ಅಸಲಿ ವಿಷಯ.

ನನ್ನ ತಮ್ಮನ ಮಗಳು ಭೌತಶಾಸ್ತ್ರ ಓದುತ್ತಿದ್ದಾಳೆ. ವಿಲ್ಲೋ ಬಗ್ಗೆ ನೇಚರ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಬಂದ ಲೇಖನವನ್ನು ಪ್ರಿಂಟ್ ತೆಗೆದು ತಂದುಕೊಟ್ಟಳು. ಮೂರು ಸಂಜೆ ಪಕ್ಕದಲ್ಲಿ ಕೂತು ವಿವರಿಸಿದಳು. ಲೇಖನದ ವಿಷಯ ವೇಗವಲ್ಲ, ತಪ್ಪು. ಸೂಪರ್‌ಕಂಡಕ್ಟರ್‌ನ, ಅಂದರೆ ಬಹಳ ತಣ್ಣಗಿಟ್ಟರೆ ತಡೆಯಿಲ್ಲದೆ ವಿದ್ಯುತ್ ಹರಿಯುವ ವಸ್ತುವಿನ, ಕ್ಯೂಬಿಟ್ ಬಲು ಚಂಚಲ. ಅದನ್ನು ಸೊನ್ನೆ ಕೆಲ್ವಿನ್‌ಗಿಂತ (ಅದಕ್ಕಿಂತ ತಣ್ಣಗಾಗಲು ಸಾಧ್ಯವೇ ಇಲ್ಲ) ಒಂದು ಡಿಗ್ರಿಯ ನೂರನೇ ಒಂದು ಭಾಗದಷ್ಟು ಮಾತ್ರ ಮೇಲೆ, ಅಷ್ಟು ತಣ್ಣಗೆ ಇಡಬೇಕು. ಇಟ್ಟರೂ ಒಳ್ಳೊಳ್ಳೆಯ ಚಿಪ್‌ಗಳಲ್ಲೇ ಹೆಚ್ಚುಕಡಿಮೆ ಸಾವಿರ ಹೆಜ್ಜೆಗೆ ಒಂದು ತಪ್ಪು ಆಗುತ್ತದೆ. ಸಾವಿರ ಅಕ್ಷರಕ್ಕೆ ಒಂದು ತಪ್ಪಾದರೆ ಪ್ರೂಫ್ ಪರವಾಗಿಲ್ಲ ಅನ್ನಬಹುದು. ಆದರೆ ಉಪಯೋಗಕ್ಕೆ ಬರುವ ಲೆಕ್ಕಕ್ಕೆ ಕೋಟಿಗಟ್ಟಲೆ ಹೆಜ್ಜೆ ಬೇಕು. ಸಾವಿರಕ್ಕೊಂದರಂತೆ ತಪ್ಪಿದರೆ ಕೊನೆಯಲ್ಲಿ ಕೈಗೆ ಬರುವುದು ಕಸ.

ನಮ್ಮಲ್ಲಿ ತಿದ್ದುವುದು ಹೇಗಿತ್ತು ಗೊತ್ತೇ? ಒಬ್ಬರು ಮೂಲಪ್ರತಿ ಹಿಡಿದು ಗಟ್ಟಿಯಾಗಿ ಓದುತ್ತಿದ್ದರು. ಇನ್ನೊಬ್ಬರು ಗ್ಯಾಲಿ ಪ್ರೂಫ್ ಮೇಲೆ ಕಣ್ಣಿಟ್ಟು ಗುರುತು ಹಾಕುತ್ತಿದ್ದರು. ಮೂಲಪ್ರತಿ ಇದ್ದರೆ ತಾನೇ ಯಾವುದು ತಪ್ಪು ಎಂದು ಗೊತ್ತಾಗುವುದು? ಕ್ವಾಂಟಮ್ ಕಂಪ್ಯೂಟರ್‌ನಲ್ಲಿ ಆ ಸೌಲಭ್ಯವೇ ಇಲ್ಲ. ಏನಿದೆಯೋ ಗೊತ್ತಿಲ್ಲದ ಕ್ಯೂಬಿಟ್ ಒಂದರ ತದ್ವತ್ ನಕಲು ತೆಗೆಯಲು ಪ್ರಕೃತಿಯೇ ಬಿಡುವುದಿಲ್ಲ. 1982ರಲ್ಲೇ ವುಟರ್ಸ್ ಮತ್ತು ಝುರೆಕ್ ಎಂಬ ಭೌತವಿಜ್ಞಾನಿಗಳು ಇದನ್ನು ತೋರಿಸಿದ್ದರು. ಹೋಗಲಿ, ಇರುವ ಒಂದು ಪ್ರತಿಯನ್ನಾದರೂ ಓದೋಣ ಎಂದರೆ ಅದೂ ಕೂಡದು. ಓದಿದ ಕ್ಷಣಕ್ಕೆ ಅದರಲ್ಲಿದ್ದ ಸೊನ್ನೆ-ಒಂದರ ಬೆರಕೆ ಹೋಗಿ, ಬರೀ ಸೊನ್ನೆಯೋ ಬರೀ ಒಂದೋ ಉಳಿಯುತ್ತದೆ. ಅಂದರೆ ಮೂಲಪ್ರತಿ ಇಲ್ಲ, ಪ್ರೂಫ್ ಓದುವಂತಿಲ್ಲ, ತಪ್ಪು ಮಾತ್ರ ತಿದ್ದಬೇಕು. ನನಗೆ ಯಾರಾದರೂ ಈ ಕೆಲಸ ಕೊಟ್ಟಿದ್ದರೆ ಕನ್ನಡಕ ಮೇಜಿನ ಮೇಲಿಟ್ಟು ಮನೆಗೆ ಹೊರಡುತ್ತಿದ್ದೆ.

ಹಾಗೆಂದು ಹುಡುಗಿಗೆ ಹೇಳಿದೆ. ಅವಳು ಕೇಳಿದಳು: “ದೊಡ್ಡಪ್ಪ, ಅಂಕಿಗಳ ಕೋಷ್ಟಕ ಬಂದಾಗ ಹೇಗೆ ನೋಡ್ತಿದ್ರಿ?”

ಅಲ್ಲಿಗೆ ನನಗೆ ಹೊಳೆಯಿತು. ವಾರ್ಷಿಕ ವರದಿಗಳಲ್ಲಿ ಪುಟಗಟ್ಟಲೆ ಅಂಕಿ ಬರುತ್ತಿತ್ತು. ಒಂದೊಂದೇ ಅಂಕಿ ಓದುತ್ತಾ ಕೂತರೆ ಬೆಳಗಾಗುತ್ತಿತ್ತು. ನಾವು ಅಡ್ಡ ಸಾಲು ಕೂಡಿ ನೋಡುತ್ತಿದ್ದೆವು, ಉದ್ದ ಸಾಲು ಕೂಡಿ ನೋಡುತ್ತಿದ್ದೆವು. ಮೂರನೇ ಅಡ್ಡ ಸಾಲಿನ ಮೊತ್ತ ತಾಳೆಯಾಗುತ್ತಿಲ್ಲ, ಐದನೇ ಉದ್ದ ಸಾಲಿನದೂ ಇಲ್ಲ. ಅವೆರಡೂ ಕೂಡುವ ಮನೆಯಲ್ಲೇ ತಪ್ಪು. ಅದು ಯಾವ ಬಾಬ್ತಿನ ಹಣ, ಯಾರ ಖರ್ಚು, ಇವೆಲ್ಲ ನಮಗೆ ಬೇಕಿರಲಿಲ್ಲ. ಒಳಗಿನದು ಓದದೆ ತಪ್ಪಿನ ಜಾಗ ಹಿಡಿಯುತ್ತಿದ್ದೆವು.

ಅವರು ಮಾಡುವುದೂ ಹೆಚ್ಚುಕಡಿಮೆ ಇದೇ. ಹೀಗೆ ಮಾಡಬಹುದು ಎಂದು 1995ರಲ್ಲಿ ಮೊದಲು ತೋರಿಸಿದವನು ಅಮೆರಿಕದ ಗಣಿತಜ್ಞ ಪೀಟರ್ ಶೋರ್. ವಿಲ್ಲೋದಲ್ಲಿ ಒಂದೇ ಮಾಹಿತಿಯನ್ನು 49 ಕ್ಯೂಬಿಟ್‌ಗಳಲ್ಲಿ, ಏಳಕ್ಕೆ ಏಳರ ಚೌಕದಲ್ಲಿ, ಹರಡಿ ಇಡುತ್ತಾರೆ. ನಡುನಡುವೆ 48 ಕಾವಲು ಕ್ಯೂಬಿಟ್‌ಗಳು. ಇವು ಅಕ್ಕಪಕ್ಕದವರನ್ನು ‘ನಿನ್ನಲ್ಲಿ ಏನಿದೆ’ ಎಂದು ಕೇಳುವುದಿಲ್ಲ. ‘ನೀವೆಲ್ಲ ಸೇರಿ ಸಮವೋ ಬೆಸವೋ’ ಎಂದಷ್ಟೇ ಕೇಳುತ್ತವೆ. ಉತ್ತರ ದಿಢೀರನೆ ಬದಲಾದರೆ ಅಲ್ಲೆಲ್ಲೋ ತಪ್ಪಿದೆ ಎಂದರ್ಥ. ಮಾಹಿತಿಗೆ ಧಕ್ಕೆಯಿಲ್ಲ. ಹೀಗೆ ಸೇರಿ ನಿಂತ ಗುಂಪಿಗೆ ಲಾಜಿಕಲ್ ಕ್ಯೂಬಿಟ್ ಎನ್ನುತ್ತಾರೆ.

ಆದರೆ ಇಲ್ಲೊಂದು ತೊಡಕಿದೆ. ಇದು ಅಚ್ಚುಕೂಟದಲ್ಲಿ ಇದ್ದವರಿಗೆ ಚೆನ್ನಾಗಿ ಗೊತ್ತು. ಒಂದು ವರ್ಷ ದೊಡ್ಡ ಪುಸ್ತಕದ ಕೆಲಸ ಬಂದು, ಮಾಲೀಕರು ತಿದ್ದಲು ನಾಲ್ಕು ಹೊಸಬರನ್ನು ಕರೆತಂದರು. ಒತ್ತಕ್ಷರ ಸರಿ ಇದ್ದಲ್ಲಿ ಅವರು ಕಿತ್ತರು, ಬೇಡದಲ್ಲಿ ಸೇರಿಸಿದರು. ಎರಡನೇ ಪ್ರೂಫ್‌ನಲ್ಲಿ ಮೊದಲಿಗಿಂತ ತಪ್ಪು ಜಾಸ್ತಿ! ತಿದ್ದುವವರು ಹೆಚ್ಚಾದರೆ ತಪ್ಪು ಕಡಿಮೆಯಾಗಬೇಕಾದರೆ, ಮೊದಲು ಒಬ್ಬೊಬ್ಬರ ಕೈಯೂ ಒಂದು ಮಟ್ಟಿಗೆ ಸರಿಯಿರಬೇಕು. ಆ ಮಟ್ಟ ಮುಟ್ಟದಿದ್ದರೆ ಜನ ಸೇರಿಸಿದಷ್ಟೂ ಹಾಳು. ಕಾವಲು ಕ್ಯೂಬಿಟ್‌ಗಳೂ ತಪ್ಪು ಮಾಡುವಂಥವೇ ಅಲ್ವಾ? ಹಾಗಾಗಿ ಗುಂಪು ದೊಡ್ಡದಾದಷ್ಟೂ ಕೆಡುವ ಸಂಭವವೂ ಹೆಚ್ಚು. ಶೋರ್ ದಾರಿ ತೋರಿಸಿ ಮೂವತ್ತು ವರ್ಷವಾಗುತ್ತಾ ಬಂದರೂ ಈ ಗೆರೆ ದಾಟುವುದೇ ಕಷ್ಟವಾಗಿತ್ತು. 2023ರಲ್ಲಿ ಗೂಗಲ್‌ನವರು ಸಣ್ಣ ಚೌಕದಿಂದ ದೊಡ್ಡ ಚೌಕಕ್ಕೆ ಹೋದಾಗ ತಪ್ಪು 3.028ರಿಂದ 2.914 ಶೇಕಡಾಕ್ಕೆ ಇಳಿದಿತ್ತು. ಕೂದಲೆಳೆಯ ಅಂತರ.

ವಿಲ್ಲೋದಲ್ಲಿ ಆ ಗೆರೆ ಸಲೀಸಾಗಿ ದಾಟಿತು. ಮೂರರ ಚೌಕದಿಂದ ಐದಕ್ಕೆ, ಐದರಿಂದ ಏಳಕ್ಕೆ ಹೋದ ಹಾಗೆ ಪ್ರತಿಸಲವೂ ತಪ್ಪು ಅರ್ಧಕ್ಕಿಂತ ಕೆಳಗೆ ಬಂತು. ಲೆಕ್ಕದಲ್ಲಿ ಹೇಳುವುದಾದರೆ 2.14 ಪಟ್ಟು ಇಳಿಕೆ. ಆ ಗುಂಪಿನಲ್ಲಿರುವ ಅತ್ಯುತ್ತಮ ಕ್ಯೂಬಿಟ್ ಒಂಟಿಯಾಗಿ ಎಷ್ಟು ಹೊತ್ತು ನಿಲ್ಲುತ್ತದೋ, ಗುಂಪು ಅದರ 2.4 ಪಟ್ಟು ಹೊತ್ತು ನಿಂತಿತು. ನನ್ನ ಪ್ರಕಾರ ನಿಮ್ಮ ತಲೆಬರಹದಲ್ಲಿ ಇರಬೇಕಾಗಿದ್ದುದು ಈ 2.14. ನೋಡಲು ಸಪ್ಪೆ ಸಂಖ್ಯೆ, ಒಪ್ಪುತ್ತೇನೆ.

ಇದನ್ನೂ ಹಿಗ್ಗಿಸಿ ಹೇಳಬಾರದು. ಏಳರ ಚೌಕದಲ್ಲೂ ಕಾವಲಿನ ಒಂದು ಸುತ್ತು ತಪಾಸಣೆಯಲ್ಲಿ 0.143 ಶೇಕಡಾ ತಪ್ಪು ಉಳಿದಿದೆ. ಅಂದರೆ ಸುಮಾರು 700 ಸುತ್ತುಗಳಿಗೆ ಒಂದು. ಒಂದು ಸುತ್ತು 1.1 ಮೈಕ್ರೊಸೆಕೆಂಡ್. ಕೂಡಿ ಗುಣಿಸಿ ನೋಡಿ, ಒಂದು ಮಿಲಿಸೆಕೆಂಡ್ ಕಳೆಯುವಷ್ಟರಲ್ಲಿ ತಪ್ಪಿರುತ್ತದೆ. ಇನ್ನೊಂದು ಸಂಗತಿಯನ್ನೂ ಅವರು ಮುಚ್ಚಿಡದೆ ಬರೆದಿದ್ದಾರೆ. ಇದಕ್ಕಿಂತ ಸರಳವಾದ ಬೇರೊಂದು ಜೋಡಣೆಯನ್ನು ಬಹಳ ಹೊತ್ತು ಓಡಿಸಿದಾಗ, ಗಂಟೆಗೆ ಒಂದು ಸಲದಂತೆ ಹಲವು ಕ್ಯೂಬಿಟ್‌ಗಳು ಒಟ್ಟೊಟ್ಟಿಗೆ ಕೆಟ್ಟವಂತೆ. ಅದನ್ನು ಓದಿ ನನಗೆ ಹಳೆಯ ದಿನ ನೆನಪಾಯಿತು. ಒಂದು ಅಕ್ಷರ ತಪ್ಪಿದರೆ ತಿದ್ದಬಹುದು. ಕಟ್ಟಿಟ್ಟ ಪುಟವೇ ಕೈಜಾರಿ ಮೊಳೆಯೆಲ್ಲ ನೆಲಕ್ಕೆ ಚೆಲ್ಲಿದರೆ ಏನು ಮಾಡುತ್ತೀರಿ?

ಬೇರೆಯವರೂ ಸುಮ್ಮನೆ ಕೂತಿಲ್ಲ. ಐಬಿಎಂ 2023ರಲ್ಲಿ 1,121 ಕ್ಯೂಬಿಟ್‌ಗಳ ಕಾಂಡರ್ ಚಿಪ್ ತೋರಿಸಿತು. ಜೊತೆಯಲ್ಲೇ 133 ಕ್ಯೂಬಿಟ್‌ಗಳ ಹೆರಾನ್ ತಂದಿತು. ಮುಂದೆ ಅವರು ಬೆಳೆಸಿದ್ದು ಹೆರಾನ್ ಅನ್ನೇ, ಅದರ ತಪ್ಪು ಕಡಿಮೆ ಎಂಬ ಕಾರಣಕ್ಕೆ. ಎಣಿಕೆಯೇ ಎಲ್ಲ ಅಲ್ಲ ಎನ್ನಲು ಇದಕ್ಕಿಂತ ಸಾಕ್ಷಿ ಬೇಕೇ? 2024ರಲ್ಲಿ ಅವರದೇ ಇನ್ನೊಂದು ಲೇಖನ ನೇಚರ್‌ನಲ್ಲಿ ಬಂತು. ಕಾವಲು ಹಾಕುವ ಹೊಸ ಕ್ರಮ ಅದು. 288 ಕ್ಯೂಬಿಟ್‌ಗಳಲ್ಲಿ 12 ಲಾಜಿಕಲ್ ಕ್ಯೂಬಿಟ್ ಕಾಯಬಹುದು, ಚೌಕದ ಹಳೆಯ ಕ್ರಮದಲ್ಲಾದರೆ ಇದೇ ಕೆಲಸಕ್ಕೆ ಮೂರು ಸಾವಿರದ ಹತ್ತಿರ ಬೇಕಾಗುತ್ತಿತ್ತು. ಮಾಡಿ ತೋರಿಸುವುದು ಬೇರೆ ಮಾತು. ಒಂದೊಂದು ಕ್ಯೂಬಿಟ್‌ಗೂ ಇನ್ನಾರರ ಜೊತೆ, ಅದೂ ದೂರದವುಗಳ ಜೊತೆ, ಸಂಪರ್ಕ ಬೇಕು. ಚಿಪ್ ಬಿಟ್ಟು ಬಿಡಿ ಪರಮಾಣುಗಳನ್ನೇ ಲೇಸರ್‌ನಲ್ಲಿ ಹಿಡಿದಿಡುವವರೂ ಇದ್ದಾರೆ. ಪರಮಾಣುಗಳು ತಪ್ಪಿಸಿಕೊಂಡು ಹೋಗುವುದು ಅಲ್ಲಿನ ಕಷ್ಟ. 2025ರಲ್ಲಿ ಹಾರ್ವರ್ಡ್‌ನವರು ಹೋದವುಗಳ ಜಾಗಕ್ಕೆ ಹೊಸವನ್ನು ತುಂಬಿಸುತ್ತಲೇ 3,000 ಪರಮಾಣುಗಳ ಏರ್ಪಾಡನ್ನು ಎರಡು ಗಂಟೆಗೂ ಮಿಕ್ಕಿ ನಡೆಸಿದರು.

ಇನ್ನು ನಿಮ್ಮ ಬರಹದ ಕೊನೆಯ ಭಾಗ. ‘ಬ್ಯಾಂಕಿನ ಗುಟ್ಟೆಲ್ಲ ಬಯಲು’ ಎಂದು ದಪ್ಪಕ್ಷರದಲ್ಲಿತ್ತು. ಸದ್ಯಕ್ಕೆ ಹಾಗೇನೂ ಇಲ್ಲ. ಹಾಗೆಂದು ಬರೀ ಬೆದರುಬೊಂಬೆ ಎಂದೂ ತಳ್ಳಿಹಾಕುವಂತಿಲ್ಲ. ಇಂಟರ್ನೆಟ್‌ನಲ್ಲಿ ಬಹಳ ಬಳಕೆಯಲ್ಲಿರುವ ಆರ್‌ಎಸ್‌ಎ-2048 ಎಂಬ ಬೀಗ (ಮಾಹಿತಿಯನ್ನು ಗುಟ್ಟಾಗಿಡುವ ಗಣಿತದ ಕ್ರಮ) ಒಡೆಯಲು 2 ಕೋಟಿ ಕ್ಯೂಬಿಟ್, 8 ಗಂಟೆ ಬೇಕು ಎಂದು 2019ರಲ್ಲಿ ಕ್ರೇಗ್ ಗಿಡ್ನಿ ಮತ್ತು ಮಾರ್ಟಿನ್ ಎಕೆರೊ ಎಂಬ ಸಂಶೋಧಕರು ಲೆಕ್ಕ ಹಾಕಿದ್ದರು. 2025ರ ಮೇ ತಿಂಗಳಲ್ಲಿ ಅದೇ ಗಿಡ್ನಿ ಮತ್ತೆ ಲೆಕ್ಕ ಹಾಕಿದರು. ಹತ್ತು ಲಕ್ಷಕ್ಕಿಂತ ಕಡಿಮೆ ಕ್ಯೂಬಿಟ್ ಸಾಕು, ಒಂದು ವಾರದೊಳಗೆ ಮುಗಿಯುತ್ತದೆ ಎಂದರು. ಇದಕ್ಕೆ ಹೊಸ ಯಂತ್ರವೇನೂ ಬೇಕಾಗಲಿಲ್ಲ, ಕಾಗದದ ಮೇಲೆ ಚೆನ್ನಾಗಿ ಯೋಚಿಸಿದ್ದರಿಂದಲೇ ಇಪ್ಪತ್ತನೇ ಒಂದು ಭಾಗಕ್ಕೆ ಇಳಿಯಿತು. ಈ ಸುದ್ದಿ ನಿಮ್ಮಲ್ಲಿ ಬಂದಿದ್ದು ನನಗೆ ನೆನಪಿಲ್ಲ.

ಬೀಗ ಬದಲಿಸುವ ಕೆಲಸವೂ ಶುರುವಾಗಿದೆ. ಮಾನದಂಡ ಗೊತ್ತುಮಾಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎನ್‌ಐಎಸ್‌ಟಿ 2024ರ ಆಗಸ್ಟ್‌ನಲ್ಲಿ, ಕ್ವಾಂಟಮ್ ಯಂತ್ರಕ್ಕೂ ಜಗ್ಗದಿರಲಿ ಎಂದು ಹೊಸ ಬಗೆಯ ಬೀಗಗಳಿಗೆ ಮೂರು ಮಾನದಂಡ ಹೊರಡಿಸಿತು. ಇವತ್ತಿನ ಗುಟ್ಟನ್ನು ಈಗಲೇ ಕದ್ದು ಕೂಡಿಟ್ಟುಕೊಂಡು, ಯಂತ್ರ ಬಂದ ಮೇಲೆ ಒಡೆದು ಓದುವ ಭಯ ಇರುವುದರಿಂದ ಈ ಅವಸರ. ಆ ಸಂಸ್ಥೆಯ ಪರಿಶೀಲನೆಯಲ್ಲಿ ಬಹಳ ದೂರ ಬಂದಿದ್ದ ಸೈಕ್ ಎಂಬ ಇನ್ನೊಂದು ಬೀಗ 2022ರಲ್ಲಿ ಒಡೆದುಹೋಯಿತು. ಒಡೆದದ್ದು ಕ್ವಾಂಟಮ್ ಯಂತ್ರವಲ್ಲ, ಗಣಿತ. ಮಾಮೂಲಿ ಕಂಪ್ಯೂಟರಿನ ಒಂದೇ ಕೋರ್, ಸುಮಾರು ಒಂದು ಗಂಟೆ. ಪ್ರೂಫ್ ನೋಡುವವರಿಗೆ ಮೆಚ್ಚುಗೆಯಾಗುವ ಕಥೆ ಇದು. ಅಚ್ಚಿಗೆ ಹೋಗುವ ಮೊದಲೇ ತಪ್ಪು ಸಿಕ್ಕಿತಲ್ಲ.

ತಪ್ಪು ಒಪ್ಪಿಕೊಳ್ಳುವ ವಿಷಯದಲ್ಲಿ ನೇಚರ್‌ನಿಂದ ನೀವು ಒಂದು ಕಲಿಯಬಹುದು. ಮಯೊರಾನಾ ಎಂಬ ವಿಚಿತ್ರ ಕಣ ಸಿಕ್ಕರೆ ಸುಲಭವಾಗಿ ತಪ್ಪದ ಕ್ಯೂಬಿಟ್ ಕಟ್ಟಬಹುದು ಎಂಬ ಆಸೆಯಿದೆ. 2018ರಲ್ಲಿ ಅದರ ಗುರುತು ಸಿಕ್ಕಿತು ಎಂಬ ಲೇಖನ ನೇಚರ್‌ನಲ್ಲಿ ಬಂದಿತ್ತು. ಲೇಖಕರೇ 2021ರಲ್ಲಿ ಆ ಲೇಖನವನ್ನು ಹಿಂತೆಗೆದುಕೊಂಡರು. 2025ರಲ್ಲಿ ಮೈಕ್ರೋಸಾಫ್ಟ್ ಅದೇ ದಾರಿಯ ಮಯೊರಾನಾ 1 ಚಿಪ್ ಘೋಷಿಸಿದಾಗ, ಅದರ ಬಗ್ಗೆ ನೇಚರ್‌ನಲ್ಲಿ ಬಂದ ಲೇಖನದ ಜೊತೆಯ ವಿಮರ್ಶೆ ಕಡತದಲ್ಲಿ ಸಂಪಾದಕರು ಒಂದು ಟಿಪ್ಪಣಿ ಹಾಕಿದರು. ಈ ಫಲಿತಾಂಶ ಮಯೊರಾನಾ ಇದೆ ಎನ್ನಲು ಪುರಾವೆಯಲ್ಲ ಎಂದು. ಘೋಷಣೆ ಎಲ್ಲ ಕಡೆ ಬಂತು. ಟಿಪ್ಪಣಿ ಓದಿದವರು ಎಷ್ಟು ಜನ?

ನನ್ನ ಕೋರಿಕೆ ಸಣ್ಣದು. ಇನ್ನು ಮುಂದೆ ಕ್ವಾಂಟಮ್ ಸುದ್ದಿ ಹಾಕುವಾಗ ಎಷ್ಟು ಕ್ಯೂಬಿಟ್ ಎನ್ನುವುದರ ಪಕ್ಕದಲ್ಲೇ ಎಷ್ಟು ಹೆಜ್ಜೆಗೆ ಒಂದು ತಪ್ಪು ಎಂದೂ ಹಾಕಿ. ಕಂಪನಿಯ ಪ್ರಕಟಣೆಯೋ, ಬೇರೆ ತಜ್ಞರು ಪರಿಶೀಲಿಸಿದ ಲೇಖನವೋ, ಅದನ್ನೂ ಒಂದು ಮಾತಿನಲ್ಲಿ ಹೇಳಿ. ಎರಡು ಸಾಲಿನ ಜಾಗ ಸಾಕು.

ಹಾಗೆಯೇ ಆ 1025ಕ್ಕೆ ತಿದ್ದುಪಡಿ ಹಾಕುವಾಗ ದಯವಿಟ್ಟು 25 ಅನ್ನು ಮೇಲೇರಿಸಿ. ನಿಮ್ಮ ಫಾಂಟ್ ಅದಕ್ಕೆ ಒಪ್ಪದಿದ್ದರೆ ‘ಒಂದರ ಮುಂದೆ ಇಪ್ಪತ್ತೈದು ಸೊನ್ನೆ’ ಎಂದು ಅಕ್ಷರದಲ್ಲೇ ಬರೆದುಬಿಡಿ. ನಾವು ಹಾಗೇ ಮಾಡುತ್ತಿದ್ದೆವು.

ಇಂತಿ,
ನಿವೃತ್ತ ಕರಡು ತಿದ್ದುಗ