ಪೆಟ್ಟಿಗೆ ಆಮೇಲೆ ಕಟ್ಟಿ, ಮೊದಲು ಟೈರಿನ ಗಾಳಿ ಇಳಿಸಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಅಡ್ವೆಂಚರ್ ಬೈಕ್ ಬಗ್ಗೆ ಬಂದ ಲೇಖನ ಓದಿದೆ. ಮಣ್ಣಿನ ದಾರಿಗೆ, ಗುಡ್ಡಕ್ಕೆ ಬೈಕನ್ನು ಹೇಗೆ ಸಜ್ಜು ಮಾಡಬೇಕು ಅಂತ ಹದಿನಾಲ್ಕು ಸಾಮಾನುಗಳ ಪಟ್ಟಿ ಕೊಟ್ಟಿದ್ದೀರಿ. ಸಾಮಾನು ತುಂಬಲು ಬೈಕಿನ ಹಿಂಬದಿ ಎರಡೂ ಪಕ್ಕಕ್ಕೆ ಕಟ್ಟುವ ಅಲ್ಯೂಮಿನಿಯಂ ಪೆಟ್ಟಿಗೆ ಮೊದಲನೆಯದು. ಫಾಗ್ ಲೈಟ್ ಎರಡನೆಯದು. ಬೂಟು ಹನ್ನೊಂದನೆಯದು. ಟೈರಿನ ಗಾಳಿಯ ಮಾತೇ ಇಲ್ಲ. ಎರಡು ದಿನ ಸುಮ್ನೆ ಇದ್ದೆ. ಮೂರನೆಯ ದಿನ ತಡೆಯಲಾಗದೆ ಬರೆಯಲು ಕೂತೆ.

ನಾನು ಸಕಲೇಶಪುರ ತಾಲ್ಲೂಕಿನವನು. ಪಶುಸಂಗೋಪನೆ ಇಲಾಖೆಯಲ್ಲಿ 31 ವರ್ಷ ಕೆಲಸ ಮಾಡಿ ನಿವೃತ್ತನಾದೆ. ಹಸು ಕರು ಹಾಕಲು ಕಷ್ಟಪಡುವುದು ಯಾವಾಗಲೂ ರಾತ್ರಿ ಹೊತ್ತು, ಜಡಿಮಳೆಯಲ್ಲಿ, ಟಾರು ರಸ್ತೆ ಮುಗಿದು ಮೂರು ಕಿಲೋಮೀಟರ್ ಆಚೆ ಇರುವ ಮನೆಯಲ್ಲೇ. ಆಗ ನನ್ನ ಹತ್ತಿರ ಇದ್ದದ್ದು ಯಮಹಾ ಆರ್‌ಎಕ್ಸ್ 100. ನೂರು ಕೆಜಿ ಆಸುಪಾಸಿನ ಗಾಡಿ. ಕೆಸರಲ್ಲಿ ಹೂತರೆ ಹಿಂದಿನ ಚಕ್ರ ಎತ್ತಿ ಪಕ್ಕಕ್ಕೆ ಇಟ್ಟು ಮತ್ತೆ ಹೊರಡುತ್ತಿದ್ದೆ. ಇದಕ್ಕೆ ಆಫ್ ರೋಡಿಂಗ್ ಅನ್ನೋ ಹೆಸರಿದೆ ಅಂತ ಗೊತ್ತಾದದ್ದು ಮಗ ಬೆಂಗಳೂರು ಸೇರಿದ ಮೇಲೆ.

ನಿವೃತ್ತಿಯ ದುಡ್ಡಿನಲ್ಲಿ 2020ರ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಬೈಕ್ ತೆಗೆದುಕೊಂಡೆ, ಆ ಹಳೆಯ 411 ಸಿಸಿಯದು. ಮುಂದಿನ ಚಕ್ರ 21 ಇಂಚು, ಹಿಂದಿನದು 17. ನೆಲದಿಂದ 220 ಮಿಲಿಮೀಟರ್ ಎತ್ತರ. ಹಳ್ಳದ ಕಲ್ಲು ಹೊಟ್ಟೆಗೆ ತಾಗದ ಗಾಡಿ. ತೂಕ ಮಾತ್ರ 199 ಕೆಜಿ. ನಮ್ಮ ಕಡೆಯ ಲೆಕ್ಕದಲ್ಲಿ ಹೇಳಬೇಕೆಂದರೆ ನಾಲ್ಕು ಮೂಟೆ ಕಾಫಿ. ಇದು ಏನೂ ಕಟ್ಟದೆ, ಏನೂ ಹೇರದೆ ಇದ್ದಾಗಿನ ಮಾತು.

ಮಗನ ಒತ್ತಾಯಕ್ಕೆ ಬೆಂಗಳೂರಿನ ಒಂದು ಅಂಗಡಿಗೆ ಹೋದೆವು. ನಿಮ್ಮ ಲೇಖನದ ಪಟ್ಟಿಯೇ ಅಲ್ಲಿ ಗೋಡೆಯ ಮೇಲೆ ನೇತಾಡುತ್ತಿತ್ತು. ಎರಡು ಪೆಟ್ಟಿಗೆ, ಅದಕ್ಕೆ ಕಬ್ಬಿಣದ ಫ್ರೇಮು, ದೊಡ್ಡ ಲೆಗ್ ಗಾರ್ಡ್, ನಾಲ್ಕು ಲೈಟು, ಎರಡು ಜೆರ್ರಿ ಕ್ಯಾನು. ಮನೆಗೆ ಬಂದು ಬಿಚ್ಚಿ, ಕಾಫಿ ತೂಗುವ ತಕ್ಕಡಿಯಲ್ಲಿಟ್ಟೆ. ಖಾಲಿ ಪೆಟ್ಟಿಗೆಗಳು ಫ್ರೇಮಿನ ಜೊತೆ 17 ಕೆಜಿ. ಎಲ್ಲ ಸೇರಿ, ಬಟ್ಟೆಬರೆ ತುಂಬಿದರೆ ಇನ್ನೊಂದು ಮೂಟೆಗೆ ಹತ್ತಿರ. ತೂಗಿ ನೋಡಿದ ಮೇಲೂ ಕಟ್ಟಿಕೊಂಡು ಹೊರಟೆನಲ್ಲ, ಆ ದಡ್ಡತನ ನನ್ನದೇ. ಚಂದ ಕಾಣುತ್ತಿತ್ತು, ಏನು ಮಾಡೋಣ.

ಅದು 2021ರ ಅಕ್ಟೋಬರ್. ಹೆತ್ತೂರು ದಾಟಿ ಬಿಸ್ಲೆ ಕಡೆ ಹೋಗುವಾಗ ಒಂದು ತೋಟದ ದಾರಿಗೆ ಇಳಿದೆ. ಹಳೆಯ ಪರಿಚಯದವರ ಮನೆ, ಹತ್ತಾರು ಸಲ ಹೋಗಿ ಬಂದ ದಾರಿ. ಮಳೆಗಾಲದ ನೀರು ನಡುವೆ ಕೊರಕಲು ಮಾಡಿತ್ತು. ಮೇಲೆ ಕೆಂಪು ಜೇಡಿ. ನಡೆದುಕೊಂಡು ಹೋಗುವಷ್ಟೇ ವೇಗ. ಮುಂದಿನ ಚಕ್ರ ಕೊರಕಲಿಗೆ ಜಾರಿತು. ಆರ್‌ಎಕ್ಸ್ ಕಾಲದ ಅಭ್ಯಾಸದಲ್ಲಿ ಎಡಗಾಲು ನೆಲಕ್ಕೆ ಊರಿದೆ. ಕಾಲು ನಿಂತಿತು, ಗಾಡಿ ನಿಲ್ಲಲಿಲ್ಲ. ಹಿಂದಿನಿಂದ ಪೆಟ್ಟಿಗೆ ಬಂದು ಮೀನಖಂಡಕ್ಕೆ ಒತ್ತಿ, ಕಾಲನ್ನು ಹಾಗೇ ಅಡಿಗೆ ಹಾಕಿಕೊಂಡು ಮಲಗಿತು. ಪೆಟ್ರೋಲ್ ತೊಟ್ಟಿಕ್ಕುವ ಸದ್ದು ಕಿವಿ ಹತ್ತಿರವೇ ಕೇಳುತ್ತಿತ್ತು.

ಕಳೆ ತೆಗೆಯುತ್ತಿದ್ದ ಇಬ್ಬರು ಹೆಂಗಸರು ಓಡಿ ಬಂದು ಗಾಡಿ ಎತ್ತಿದರು. ಒಬ್ಬಾಕೆ ಪೆಟ್ಟಿಗೆ ನೋಡಿ ಕೇಳಿದ್ದು: "ಏನ್ ಡಾಕ್ಟ್ರೇ, ಮನೆ ಖಾಲಿ ಮಾಡ್ಕೊಂಡು ಹೊರಟ್ರಾ?" ನಾನು ಡಾಕ್ಟರ್ ಅಲ್ಲ, ಪಶುವೈದ್ಯ ಪರೀಕ್ಷಕ. ಊರಲ್ಲಿ ಹಾಗೆ ಕರೆಯುತ್ತಾರೆ ಅಷ್ಟೆ. ಹಿಮ್ಮಡಿ ಗಂಟಿನ ಮೂಳೆ ಬಿರುಕು ಬಿಟ್ಟಿತ್ತು. ಆರು ವಾರ ಪ್ಲಾಸ್ಟರ್.

ಕೂತಲ್ಲೇ ಕೂತಿದ್ದ ಆ ಆರು ವಾರದಲ್ಲಿ ಯೋಚಿಸಿದ್ದನ್ನು, ಆಮೇಲೆ ಗಾಡಿ ಮೇಲೆ ಕಲಿತದ್ದನ್ನು ನಿಮ್ಮ ಓದುಗರಿಗೆ ಹೇಳಬೇಕು ಅನ್ನಿಸಿತು.

ಮೊದಲು ಗಾಳಿ. ಇದಕ್ಕೆ ಪೈಸೆ ಖರ್ಚಿಲ್ಲ. ಟಾರಿನ ಮೇಲೆ ನಾನು ಮುಂದೆ 25, ಹಿಂದೆ 32 ಪಿಎಸ್‌ಐ ಇಡುತ್ತೇನೆ. ಮಣ್ಣಿಗೆ ಇಳಿಯುವ ಮುಂಚೆ ಮುಂದೆ 20ಕ್ಕೆ, ಹಿಂದೆ 22ಕ್ಕೆ ಇಳಿಸುತ್ತೇನೆ. ಗಟ್ಟಿ ಟೈರು ಕಲ್ಲಿನ ಮೇಲೆ ಚೆಂಡಿನ ಹಾಗೆ ಪುಟಿಯುತ್ತದೆ. ಗಾಳಿ ಕಡಿಮೆ ಇದ್ದರೆ ಟೈರು ಕಲ್ಲನ್ನು ತಬ್ಬಿಕೊಂಡು ದಾಟುತ್ತದೆ, ನೆಲಕ್ಕೆ ತಾಗುವ ಜಾಗವೂ ಉದ್ದವಾಗುತ್ತದೆ. ಅದೇ ದಾರಿಯಲ್ಲಿ ಬೇರೆ ಗಾಡಿ ಓಡಿಸಿದ ಹಾಗಿರುತ್ತದೆ, ಒಮ್ಮೆ ಮಾಡಿ ನೋಡಿ. ಹಾಗಂತ ತೀರಾ ಇಳಿಸಿದರೆ ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ, ಹಾವು ಕಚ್ಚಿದ ಹಾಗೆ ಎರಡು ತೂತಾಗುತ್ತದೆ. ವಾಪಸ್ ಟಾರಿಗೆ ಬಂದ ಕೂಡಲೇ ಮತ್ತೆ ಗಾಳಿ ಹೊಡೆಯಲೇಬೇಕು. ಇಲ್ಲದಿದ್ದರೆ ತಿರುವಿನಲ್ಲಿ ಗಾಡಿ ತೂರಾಡುತ್ತದೆ, ಟೈರು ಬಿಸಿಯಾಗುತ್ತದೆ. ಹಾಗಾಗಿ ಒಂದು ಕೈ ಪಂಪು, ಒಂದು ಗೇಜು ಇದ್ದರೆ ಸಾಕು. ಸೈಕಲ್ ಪಂಪೂ ನಡೆಯುತ್ತದೆ, ಬೆವರು ಜಾಸ್ತಿ ಅಷ್ಟೆ.

ಲೇಖನದಲ್ಲಿ ಟ್ಯೂಬ್‌ಲೆಸ್ ಪಂಚರ್ ಕಿಟ್ ಇಟ್ಟುಕೊಳ್ಳಿ ಅಂತ ಬರೆದಿದ್ದೀರಿ. ನನ್ನ ಗಾಡಿಯಲ್ಲಿ ಇರುವುದು ಸ್ಪೋಕ್ ವೀಲ್, ಒಳಗೆ ಟ್ಯೂಬು. ಇಂಥ ಗಾಡಿ ನಮ್ಮ ಕಡೆ ಎಷ್ಟೋ ಜನರ ಹತ್ತಿರ ಇದೆ. ಅದಕ್ಕೆ ಆ ಕಿಟ್ ಯಾವ ಉಪಯೋಗಕ್ಕೂ ಬರಲ್ಲ. ಬೇಕಾದ್ದು ಎರಡು ಟೈರ್ ಲಿವರು, ಚಕ್ರ ಬಿಚ್ಚುವ ಸ್ಪ್ಯಾನರು, ಪ್ಯಾಚು, ಸೊಲ್ಯೂಷನ್, ಒಂದು ಹೊಸ ಟ್ಯೂಬು. ಎರಡು ಟ್ಯೂಬು ಹೊರುವ ಮನಸ್ಸಿಲ್ಲ ಅಂದರೆ ಮುಂದಿನ 21 ಇಂಚಿನದನ್ನೇ ಇಟ್ಟುಕೊಳ್ಳಿ. ಮಡಿಸಿ ತುರುಕಿದರೆ ಹಿಂದಿನ ಚಕ್ರದಲ್ಲೂ ಊರು ಸೇರುವವರೆಗೆ ಓಡುತ್ತದೆ. ಮನೆ ಅಂಗಳದಲ್ಲಿ ಒಮ್ಮೆಯಾದರೂ ಟೈರು ಬಿಚ್ಚಿ ಹಾಕಿ ನೋಡಿ. ನನಗೆ ಮೊದಲ ಸಲ ಎರಡು ಗಂಟೆ ಹಿಡಿಯಿತು, ಟ್ಯೂಬನ್ನೂ ಲಿವರಿನಿಂದ ಕಚ್ಚಿಸಿ ಹಾಳು ಮಾಡಿದೆ. ಕಾಡಿನ ಅಂಚಿನಲ್ಲಿ, ಉಂಬಳ ಹತ್ತಿಸಿಕೊಂಡು ಕಲಿಯುವ ವಿದ್ಯೆ ಅಲ್ಲ ಇದು.

ಬಟನ್ ಟೈರು, ಅಂದರೆ ಮೈಮೇಲೆ ದಪ್ಪ ಗುಬ್ಬಿಗಳಿರುವ ಟೈರು ಹಾಕಿಸಿ ಅಂದಿದ್ದೀರಿ. ಕೆಸರಿಗೆ ನಿಜವಾಗಿಯೂ ಒಳ್ಳೆಯದು. ಆದರೆ ನಮ್ಮ ಹುಡುಗರು ಬೆಂಗಳೂರಿಂದ 220 ಕಿಲೋಮೀಟರ್ ಟಾರಿನ ಮೇಲೆ ಬಂದು, ಹತ್ತು ಕಿಲೋಮೀಟರ್ ಮಣ್ಣಿನಲ್ಲಿ ಓಡಿಸಿ, ಮತ್ತೆ 220 ಟಾರಿನಲ್ಲೇ ಹೋಗುವವರು. ನೆನೆದ ಘಾಟಿ ತಿರುವಿನಲ್ಲಿ ಆ ಬಟನ್‌ಗಳು ಹಿಡಿಯುವುದು ಕಡಿಮೆ, ಸವೆಯುವುದು ಬೇಗ. ಎಲ್ಲಿ ಜಾಸ್ತಿ ಓಡಿಸುತ್ತೀರಿ ಅಂತ ನೋಡಿಕೊಂಡು ತೆಗೆದುಕೊಳ್ಳಬೇಕು, ಅಲ್ವಾ?

ಎರಡನೆಯದು ಮೈಮೇಲೆ ಹಾಕುವುದು. ಪೆಟ್ಟಿಗೆಗೆ ಕೊಟ್ಟ ದುಡ್ಡಿನಲ್ಲಿ ನಾನು ಮೊಣಕಾಲವರೆಗಿನ ಗಟ್ಟಿ ಬೂಟು ತೆಗೆದುಕೊಂಡಿದ್ದರೆ ಪ್ಲಾಸ್ಟರ್ ಬೇಕಾಗುತ್ತಿರಲಿಲ್ಲ ಅಂತ ಮೂಳೆ ನೋಡಿದ ಡಾಕ್ಟರೇ ಹೇಳಿದರು. ಕೆಲಸದ ಕಾಲದಲ್ಲಿ ಗಮ್‌ಬೂಟಲ್ಲೇ ಓಡಾಡಿದವನು ನಾನು. ಅದು ಸಗಣಿಗೆ ಸರಿ, ಎರಡು ಕ್ವಿಂಟಲ್ ಗಾಡಿ ಕಾಲ ಮೇಲೆ ಬಿದ್ದರೆ ತಡೆಯಲ್ಲ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ, ಮರಳು ಕಲ್ಲಿನ ದಾರಿಯಲ್ಲಿ ಸಾವಿರಾರು ಕಿಲೋಮೀಟರ್ ನಡೆಯುವ ಡಕಾರ್ ರ‍್ಯಾಲಿ ಓಡಿಸಿದ ಮೊದಲ ಭಾರತೀಯ. 36ನೆಯವರಾಗಿ ಮುಗಿಸಿದರು. ಅಂಥವರೇ 2021ರಲ್ಲಿ ಸೌದಿ ಅರೇಬಿಯಾದಲ್ಲಿ ಅದೇ ಸ್ಪರ್ಧೆಯಲ್ಲಿ ಬಿದ್ದು ದಿನಗಟ್ಟಲೆ ಪ್ರಜ್ಞೆ ಇಲ್ಲದೆ ಆಸ್ಪತ್ರೆಯಲ್ಲಿದ್ದರು. ಆ ವರ್ಷದಿಂದಲೇ ಡಕಾರ್‌ನಲ್ಲಿ ಬೈಕ್ ಸವಾರರಿಗೆ ಏರ್‌ಬ್ಯಾಗ್ ಜಾಕೆಟ್ ಕಡ್ಡಾಯವಾಗಿತ್ತು. ಅಷ್ಟು ಪಳಗಿದ ಕೈಗಳಿಗೇ ಹೀಗಾದರೆ, ಶನಿವಾರ ರಜೆ ಸಿಕ್ಕಿತು ಅಂತ ಹೊರಡುವ ನಮಗೆ ಬೂಟು ಹನ್ನೊಂದನೆಯ ಜಾಗದಲ್ಲಿ ಇರುವುದು ಸರಿಯೇ?

ಇನ್ನು ಗಾಡಿಗೆ ಏನೂ ಬೇಡವೇ ಅಂದರೆ, ಬೇಕು. ಇಂಜಿನ್ ಅಡಿಗೆ ಗಟ್ಟಿ ತಗಡು, ಕೈಗೆ ಹ್ಯಾಂಡ್ ಗಾರ್ಡ್. ಇವೆರಡು ಸಾಕು. ಬಿದ್ದಾಗ ಮೊದಲು ಮುರಿಯುವುದು ಕ್ಲಚ್ ಲಿವರು. ಲಿವರಿನ ಕ್ಲಾಂಪನ್ನು ತೀರಾ ಬಿಗಿ ಮಾಡದೆ, ಜೋರಾಗಿ ಒತ್ತಿದರೆ ತಿರುಗುವಷ್ಟು ಬಿಡಿ. ಬಿದ್ದರೆ ತಿರುಗುತ್ತದೆ, ಮುರಿಯಲ್ಲ. ಇನ್ನೊಂದು ಕ್ಲಚ್ ಕೇಬಲ್ಲನ್ನು ಹಳೆಯದರ ಪಕ್ಕದಲ್ಲೇ ಓಡಿಸಿ ಟೇಪು ಸುತ್ತಿಡಿ. ತುಂಡಾದಾಗ ತುದಿ ಬದಲಿಸಿದರೆ ಆಯಿತು, ಟ್ಯಾಂಕು ಬಿಚ್ಚುವ ಕೆಲಸ ಇಲ್ಲ. ಆ ನಾಲ್ಕು ಲೈಟಿನ ಕಥೆ ಕೇಳಬೇಡಿ. ಅಂಗಡಿಯ ಹುಡುಗ ರಿಲೇ (ಹೆಚ್ಚು ಕರೆಂಟ್ ಎಳೆಯುವ ಲೈಟಿಗೆ ಬೇರೆ ದಾರಿ ಮಾಡಿಕೊಡುವ ಸ್ವಿಚ್) ಇಲ್ಲದೆ ನೇರ ಕನೆಕ್ಷನ್ ಕೊಟ್ಟಿದ್ದ. ಬಿಸ್ಲೆ ಘಾಟಿಯಲ್ಲಿ ಮಂಜು ಮುಸುಕಿದ ಒಂದು ಸಂಜೆ ಫ್ಯೂಸು ಹೋಗಿ ಇದ್ದ ಹೆಡ್‌ಲೈಟೂ ಆರಿತು. ಹೆಂಡತಿ ಹಿಂದೆ ಕೂತು ಮೊಬೈಲ್ ಟಾರ್ಚ್ ಹಿಡಿದಳು.

ಸಾಮಾನಿಗೆ ಈಗ ಬಟ್ಟೆಯ ಚೀಲ. ರೇನ್‌ಕೋಟ್ ಬಟ್ಟೆಯಲ್ಲಿ ನಮ್ಮೂರ ಟೈಲರ್ ಹೊಲಿದುಕೊಟ್ಟದ್ದು. ಒಳಗೆ ಗೊಬ್ಬರದ ಚೀಲದ ಪ್ಲಾಸ್ಟಿಕ್ಕು. ಕಾಲಿಗೆ ತಾಗಿದರೆ ಮಡಿಸಿಕೊಳ್ಳುತ್ತದೆ. ಭಾರದ್ದು ಕೆಳಗೆ, ಮುಂದಕ್ಕೆ. ಹಗುರದ್ದು ಮೇಲೆ. ಹಿಂದೆ ಎತ್ತರಕ್ಕೆ ಕಟ್ಟಿದರೆ ಏರಿನಲ್ಲಿ ಮುಂದಿನ ಚಕ್ರ ದಾರಿ ಮರೆಯುತ್ತದೆ.

ಓಡಿಸುವುದರ ಬಗ್ಗೆ ಲೇಖನದಲ್ಲಿ ಒಂದೇ ಸಾಲಿತ್ತು, "ಎದ್ದು ನಿಂತು ಓಡಿಸಿ" ಅಂತ. ಹೇಗೆ ನಿಲ್ಲಬೇಕು? ಪಾದದ ನಡುಭಾಗ ಫುಟ್‌ರೆಸ್ಟ್ ಮೇಲೆ, ಮಂಡಿಗಳು ಟ್ಯಾಂಕಿಗೆ ಒತ್ತಿಕೊಂಡು, ಮೊಣಕೈ ಹೊರಗೆ ಚಾಚಿ. ಭಾರವೆಲ್ಲ ಕಾಲಿನ ಮೇಲೆ. ಹ್ಯಾಂಡಲ್ಲನ್ನು ಕೋಳಿಮರಿ ಹಿಡಿದ ಹಾಗೆ ಹಿಡಿಯಬೇಕು, ಅದು ಅಲ್ಲಾಡಲಿ ಬಿಡಿ. ಬಿಗಿ ಹಿಡಿದವನು ಕಾಲು ಕಿಲೋಮೀಟರಿಗೆ ಸುಸ್ತಾಗುತ್ತಾನೆ. ಕಣ್ಣು ಹತ್ತು ಮಾರು ಮುಂದೆ ಇರಲಿ. ಕಲ್ಲನ್ನೇ ನೋಡಿದರೆ ಕಲ್ಲಿಗೇ ಹೋಗುತ್ತೀರಿ. ಅದು ಯಾಕೆ ಹಾಗೆ ಅಂತ ಗೊತ್ತಿಲ್ಲ, ಹೋಗುವುದಂತೂ ಖಂಡಿತ.

ಇಳಿಜಾರಿನಲ್ಲಿ ಒಂದನೇ ಗೇರು, ಕ್ಲಚ್ ಮುಟ್ಟಬಾರದು. ಇಂಜಿನ್ನೇ ಗಾಡಿಯನ್ನು ತಡೆಯಲಿ. ನನ್ನ ಗಾಡಿಯಲ್ಲಿ ಹಿಂದಿನ ಚಕ್ರದ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಪೂರ್ತಿ ನಿಂತು ಜಾರದಂತೆ ತಡೆಯುವ ವ್ಯವಸ್ಥೆ) ಆಫ್ ಮಾಡುವ ಸ್ವಿಚ್ ಇದೆ. ಸಡಿಲ ಜಲ್ಲಿಯಲ್ಲಿ ಎಬಿಎಸ್ ಬ್ರೇಕನ್ನು ಬಿಟ್ಟುಬಿಟ್ಟು ಹಿಡಿಯುವುದರಿಂದ ಗಾಡಿ ನಿಲ್ಲುವುದೇ ಇಲ್ಲವೇನೋ ಅನ್ನಿಸುತ್ತದೆ, ಅದಕ್ಕೆ ಆ ಸ್ವಿಚ್. ಟಾರಿಗೆ ಬಂದಾಗ ಮತ್ತೆ ಆನ್ ಇದೆಯೇ ಅಂತ ನೋಡಿಕೊಳ್ಳಿ. ಹಳ್ಳ ಸಿಕ್ಕರೆ ಮೊದಲು ನಡೆದು ದಾಟಿ. ಮೊಣಕಾಲಿಗಿಂತ ಮೇಲೆ ನೀರಿದ್ದರೆ ವಾಪಸ್ ಬನ್ನಿ, ಅವಮಾನ ಏನಿಲ್ಲ. ಇಂಜಿನ್ನು ನೀರು ಕುಡಿದು ನಿಂತರೆ ಸೆಲ್ಫ್ ಒತ್ತಲೇಬೇಡಿ. ಪ್ಲಗ್ ಬಿಚ್ಚಿ ನೀರು ಹೊರಗೆ ಹಾಕಿದ ಮೇಲೆಯೇ ಸ್ಟಾರ್ಟ್. ಬಿದ್ದ ಗಾಡಿ ಎತ್ತುವಾಗ ಬೆನ್ನನ್ನು ಸೀಟಿಗೆ ಕೊಟ್ಟು, ಮಂಡಿ ಮಡಚಿ, ಹಿಂದಕ್ಕೆ ಹೆಜ್ಜೆ ಇಡುತ್ತಾ ಎತ್ತಿ. ಈ 63ರ ವಯಸ್ಸಿನಲ್ಲಿ ನಾನು ಒಬ್ಬನೇ ಎತ್ತುತ್ತೇನೆ. ಪೆಟ್ಟಿಗೆ ಇದ್ದಾಗ ಆಗುತ್ತಿರಲಿಲ್ಲ.

ಇದನ್ನೆಲ್ಲ ಕಲಿಸುವ ಜಾಗಗಳು ಈಗ ನಮ್ಮ ರಾಜ್ಯದಲ್ಲೇ ಇವೆ. ಸಂತೋಷ್ ಅವರೇ ಕೋಲಾರದ ಹತ್ತಿರ ಮಣ್ಣಿನ ಟ್ರ್ಯಾಕ್ ಮಾಡಿ ಶಾಲೆ ನಡೆಸಿದ್ದಾರೆ. ಮಗ ಎರಡು ದಿನ ಅಂಥದ್ದೊಂದು ಕಡೆ ಕಲಿತು ಬಂದ. ಬಂದವನೇ ತನ್ನ ಗಾಡಿಯಿಂದ ಅರ್ಧ ಸಾಮಾನು ಬಿಚ್ಚಿ ಹಾಕಿದ. ನಾನು ವರ್ಷಗಟ್ಟಲೆ ಹೇಳಿದ್ದನ್ನು ಅವರು ಎರಡು ದಿನದಲ್ಲಿ ಒಪ್ಪಿಸಿದ್ದಾರೆ.

ಒಂದು ಬೇಸರದ ಮಾತೂ ಇದೆ. ಪಟ್ಟಿಯ ಆರನೆಯ ಸಾಮಾನು "ಗಂಭೀರ ಸದ್ದಿನ ಸೈಲೆನ್ಸರ್". ಮಾರಾಯ್ರೇ, ನಮ್ಮ ಸಕಲೇಶಪುರ, ಆಲೂರು ಕಡೆ ತೋಟದೊಳಗೆ ಕಾಡಾನೆ ಓಡಾಡುತ್ತವೆ. ಕೂಲಿಯವರು ಬೆಳಿಗ್ಗೆ ಸದ್ದಿಗೆ ಕಿವಿಗೊಟ್ಟುಕೊಂಡೇ ಕೆಲಸಕ್ಕೆ ಹೋಗುವ ಜಾಗ ಇದು. ಅಲ್ಲಿ ಆ ಸದ್ದು ಬೇಕೇ? ಕಂಪನಿ ಕೊಟ್ಟದ್ದನ್ನು ಹಾಗೆ ಬದಲಿಸುವುದು ಮೋಟಾರು ವಾಹನ ಕಾಯ್ದೆಗೂ ವಿರುದ್ಧ. ಗುಡ್ಡದ ಹುಲ್ಲುಗಾವಲಿನ ಮೇಲೆ ಓಡಿಸಿದ ಫೋಟೋವನ್ನೂ ಹಾಕಿದ್ದೀರಿ. ಹುಲ್ಲು ಕಿತ್ತ ಚಕ್ರದ ಗೆರೆಯಲ್ಲೇ ಜೂನ್ ತಿಂಗಳ ನೀರು ಇಳಿಯುತ್ತದೆ. ಮೂರು ಮಳೆಗಾಲ ಕಳೆದರೆ ಅಲ್ಲಿ ಕರು ಬೀಳುವಷ್ಟು ಕೊರಕಲು. ಮೂಡಿಗೆರೆ ಕಡೆ ಅಂಥ ಕೊರಕಲಿಗೆ ಬಿದ್ದ ಕರುವನ್ನು ನಾನೇ ಹಗ್ಗ ಹಾಕಿ ಎತ್ತಿಸಿದ್ದೇನೆ. ಓಡಿಸಲು ತೋಟದ ರಸ್ತೆಗಳು, ಪಂಚಾಯ್ತಿಯ ಮಣ್ಣು ರಸ್ತೆಗಳು ಬೇಕಾದಷ್ಟಿವೆ. ಗೇಟು ಕಂಡರೆ ಕೇಳಿ ಒಳಗೆ ಹೋಗಿ, ದಾಟಿದ ಮೇಲೆ ಮುಚ್ಚಿ. ಕೇಳಿದರೆ ಬಹಳ ಜನ ಬಿಡುತ್ತಾರೆ, ಕಾಫಿಯನ್ನೂ ಕೊಡುತ್ತಾರೆ.

ಅದೇ ಲೇಖನದ ದೊಡ್ಡ ಫೋಟೋದಲ್ಲಿ ಹಳ್ಳ ದಾಟುತ್ತಿರುವ ಹುಡುಗನ ಕಾಲಲ್ಲಿ ಕ್ಯಾನ್ವಾಸ್ ಶೂ ಇದೆ, ಗಾಡಿಯಲ್ಲಿ ಎರಡು ಪೆಟ್ಟಿಗೆ. ಮುಂದಿನ ಸಲ ಬೂಟು ಹಾಕಿದವರ ಫೋಟೋ ಹುಡುಕಿ ಹಾಕಿ ಅಂತ ವಿನಂತಿ.

ನನ್ನ ಪೆಟ್ಟಿಗೆಗಳನ್ನು ಯಾರಿಗಾದರೂ ಕೊಟ್ಟುಬಿಡೋಣ ಅಂತಿದ್ದೆ. ಸದ್ಯಕ್ಕೆ ಆಗಲ್ಲ. ಒಂದರಲ್ಲಿ ಕೋಳಿ ಕಾವಿಗೆ ಕೂತಿದೆ.

ಇಂತಿ ನಿಮ್ಮ ಓದುಗ,
ನಿವೃತ್ತ ಪಶುವೈದ್ಯ ಪರೀಕ್ಷಕ, ಸಕಲೇಶಪುರ ತಾಲ್ಲೂಕು