ಟೈಲ್ಸ್ ಕೊಳ್ಳುವ ಮುನ್ನ ಒಂದು ಚೊಂಬು ನೀರು

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಮನೆ ನಿರ್ಮಾಣದ ಪುರವಣಿಯಲ್ಲಿ ನೆಲಹಾಸಿನ ಬಗ್ಗೆ ಬರುವ ಬರಹಗಳನ್ನು ತಪ್ಪದೆ ಓದುತ್ತೇನೆ. ಬಣ್ಣ, ಹೊಳಪು, ಅಳತೆ, ಚದರ ಅಡಿಯ ದರ ಎಲ್ಲವೂ ಅಲ್ಲಿರುತ್ತವೆ. ನೆಲ ಒದ್ದೆಯಾದಾಗ ಬರಿಗಾಲು ಅದರ ಮೇಲೆ ನಿಲ್ಲುತ್ತದೆಯೇ ಎಂಬುದೊಂದು ಮಾತ್ರ ಇರುವುದಿಲ್ಲ. ಎರಡು ವರ್ಷದ ಹಿಂದೆ ಕಲಬುರಗಿಯಲ್ಲಿ ಮನೆ ಕಟ್ಟಿಸುವಾಗ ನಾನೂ ಅದನ್ನು ಕೇಳದೆಯೇ ಟೈಲ್ಸ್ ಕೊಂಡೆ. ಈಗ ಮನೆ ಕಟ್ಟಿಸುತ್ತಿರುವವರಿಗೆ ಉಪಯೋಗವಾದೀತೆಂದು ಇದನ್ನು ಬರೆಯುತ್ತಿದ್ದೇನೆ.

ಚಿತ್ತಾಪುರ ತಾಲ್ಲೂಕಿನ ನಮ್ಮ ಹಳೆಯ ಮನೆಯಲ್ಲಿ ಪಡಸಾಲೆಯಿಂದ ಬಚ್ಚಲಿನವರೆಗೆ ಇದ್ದದ್ದು ಫರಸಿ, ಅಂದರೆ ಹೊರಗಿನವರು ಶಹಾಬಾದ್ ಕಲ್ಲು ಎನ್ನುವ ಬೂದು ಬಣ್ಣದ ಸುಣ್ಣಕಲ್ಲು. ನೆಲದೊಳಗೆ ಪದರ ಪದರವಾಗಿಯೇ ಕೂತಿರುವುದರಿಂದ ಅದು ಚಪ್ಪಡಿಯಾಗಿ ಸುಲಭವಾಗಿ ಏಳುತ್ತದೆ. ಪಾಲಿಶ್ ಮಾಡದಿದ್ದರೆ ಮೇಲ್ಮೈ ತುಸು ಒರಟಾಗಿಯೇ ಉಳಿಯುತ್ತದೆ. ನನ್ನ ತಾಯಿಯವರು ಆ ನೆಲದ ಮೇಲೆ ನಸುಕಿನ ಕತ್ತಲಲ್ಲಿ, ಎರಡೂ ಕೈಯಲ್ಲಿ ಕೊಡ ಹಿಡಿದು ಓಡಾಡಿದವರು. ಹೊಸ ಮನೆಗೆ ಬಂದ ಮೇಲೆ, ಮುಖ ಕಾಣುವಷ್ಟು ಹೊಳೆಯುವ ವಿಟ್ರಿಫೈಡ್ (ಹೆಚ್ಚು ಕಾವಿನಲ್ಲಿ ಸುಟ್ಟು ಗಾಜಿನಂತೆ ಬಿಗಿಯಾಗಿಸಿದ) ಟೈಲ್ಸ್ ಮೇಲೆ, ಅವರು ಗೋಡೆ ಹಿಡಿದು ನಡೆಯುತ್ತಾರೆ. ಅದೃಷ್ಟಕ್ಕೆ ಇದುವರೆಗೆ ಬಿದ್ದಿಲ್ಲ. ಆದರೆ ನೆಲ ಒರೆಸಿದ ಮೇಲೆ ಅದು ಆರುವವರೆಗೆ ಮಂಚದಿಂದ ಇಳಿಯುವುದಿಲ್ಲ.

ಜಾರಿಕೆಯನ್ನು ಅಳೆಯುವ ಕ್ರಮ ಇಲ್ಲವೆಂದಲ್ಲ. ತಯಾರಕರ ವಿವರಪಟ್ಟಿಯಲ್ಲಿ ಆರ್9, ಆರ್10, ಆರ್11 ಎಂಬ ಗುರುತುಗಳಿರುತ್ತವೆ; ಅಂಕಿ ಹೆಚ್ಚಿದಷ್ಟೂ ಜಾರುವುದು ಕಡಿಮೆ. ಆದರೆ ಇದು ಜರ್ಮನಿಯ ಮಾನದಂಡ. ಎಣ್ಣೆ ಸವರಿದ ಇಳಿಜಾರಿನ ಮೇಲೆ ಬೂಟು ತೊಟ್ಟವರನ್ನು ನಡೆಸಿ ಕೊಡುವ ಅಂಕಿ ಇದು, ಮನೆಯೊಳಗೆ ಚಪ್ಪಲಿಯನ್ನೇ ಮೆಟ್ಟದ ನಮಗೆ ಇದೊಂದೇ ಸಾಲದು. ಒದ್ದೆ ನೆಲದ ಮೇಲೆ ಬರಿಗಾಲಿನಲ್ಲಿ ಮಾಡುವ ಪರೀಕ್ಷೆ ಬೇರೆಯೇ ಇದ್ದು, ಅದರಲ್ಲಿ ಎ, ಬಿ, ಸಿ ಎಂಬ ವರ್ಗಗಳಿವೆ. ಸಿ ಎಂದರೆ ಹಿಡಿತ ಹೆಚ್ಚು. ನಾನು ಹೋದ ಅಂಗಡಿಗಳಲ್ಲಿ ಎರಡನೆಯದರ ಹೆಸರನ್ನು ಯಾರೂ ಎತ್ತಲಿಲ್ಲ. ಹಾಗಾಗಿ ಅಂಗಡಿಯಲ್ಲಿ ಒಂದು ಚೊಂಬು ನೀರು ಕೇಳಿ, ಮಾದರಿ ಟೈಲ್ಸ್ ಮೇಲೆ ಸುರಿದು, ಚಪ್ಪಲಿ ಬಿಟ್ಟು ಅದರ ಮೇಲೆ ನಿಂತು ನೋಡುವುದು ಒಳ್ಳೆಯದು. ಅಂಗಡಿಯವರು ಮುಖ ಸಿಂಡರಿಸಬಹುದು, ಸಿಂಡರಿಸಲಿ.

ಇಡೀ ಮನೆಗೆ ಒಂದೇ ಟೈಲ್ಸ್ ಎಂಬ ಈಗಿನ ರೂಢಿಯೂ ನನಗೆ ಸರಿಕಾಣುವುದಿಲ್ಲ. ಬಚ್ಚಲಿಗೆ ಒಂದು ಅಡಿಯ, ಇಲ್ಲವೇ ಅದಕ್ಕಿಂತ ಚಿಕ್ಕ ಮ್ಯಾಟ್, ಅಂದರೆ ಹೊಳಪಿಲ್ಲದ, ಟೈಲ್ಸ್ ಮೇಲು. ಸಂದುಗಳು ಹೆಚ್ಚಿದ್ದರೆ ಕಾಲಿಗೆ ಹಿಡಿತ ಸಿಗುತ್ತದೆ, ನೀರು ಹರಿದುಹೋಗಲು ಬೇಕಾದ ವಾಟವನ್ನೂ ನಾಲ್ಕೂ ಕಡೆಯಿಂದ ಕೊಡಬಹುದು. ಅದೇ ಎರಡು ಅಡಿಯ ಟೈಲ್ಸ್ ಆದರೆ ಬಗ್ಗುವುದಿಲ್ಲವಾದ್ದರಿಂದ ಕತ್ತರಿಸದೆ ವಾಟ ಬರುವುದಿಲ್ಲ, ಮೂಲೆಯಲ್ಲಿ ನೀರು ನಿಲ್ಲುತ್ತದೆ. ಅಡುಗೆಮನೆಗೆ ಮಾತ್ರ, ಫರಸಿಯ ಮೇಲೆ ಎಷ್ಟು ಪ್ರೀತಿಯಿದ್ದರೂ, ಅದನ್ನು ಹಾಕಿಸಬೇಡಿ ಎನ್ನುತ್ತೇನೆ. ಸುಣ್ಣಕಲ್ಲಾದ್ದರಿಂದ ಹುಣಸೆಹುಳಿ, ನಿಂಬೆರಸ ಬಿದ್ದಲ್ಲೆಲ್ಲ ಕಲೆ ಕಚ್ಚುತ್ತದೆ. ಬಚ್ಚಲು ತೊಳೆಯುವ ಆ್ಯಸಿಡ್ ತಾಗಿದರೆ ನೊರೆಯೆದ್ದು ಕಲ್ಲೇ ಸವೆಯುತ್ತದೆ. ಹೆಚ್ಚು ಬೆಲೆಯ ಅಮೃತಶಿಲೆಗೂ ಇದೇ ದೋಷವಿದೆ. ಅಡುಗೆಮನೆಗೆ ಗ್ರಾನೈಟ್ ಇಲ್ಲವೇ ಮ್ಯಾಟ್ ವಿಟ್ರಿಫೈಡ್ ಸಾಕು. ಅಂಗಳಕ್ಕೆ, ಹಿತ್ತಲಿಗೆ, ಹೊರಮೆಟ್ಟಿಲಿಗೆ ಪಾಲಿಶ್ ಇಲ್ಲದ ಫರಸಿಗಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಕಲ್ಲು ಹಾಕಿಸಿದರೆ ಮನೆಯೇ ತಂಪಾಗುತ್ತದೆ ಎಂದು ಕೆಲವರು ಹೇಳುವುದುಂಟು. ಕಾಲಿಗೆ ತಂಪೆನ್ನಿಸುವುದು ನಿಜ, ಟೈಲ್ಸ್ ಕೂಡ ಹಾಗೆಯೇ ಅನ್ನಿಸುತ್ತದೆ; ಆದರೆ ನಮ್ಮ ಬೇಸಿಗೆಯ ಕಾವು ಮನೆಯೊಳಗೆ ಇಳಿಯುವುದು ಹೆಚ್ಚಾಗಿ ಮಾಳಿಗೆಯಿಂದ, ಅದಕ್ಕೆ ನೆಲ ಏನು ಮಾಡೀತು?

ಕೂರಿಸುವ ಕೆಲಸದಲ್ಲೂ ನಾವು ಎಡವಿದೆವು. ವಿಟ್ರಿಫೈಡ್ ಟೈಲ್ಸ್ ಶೇಕಡಾ 0.5ಕ್ಕಿಂತ ಹೆಚ್ಚು ನೀರು ಹೀರುವುದಿಲ್ಲ. ಆದ್ದರಿಂದ ಬರೀ ಸಿಮೆಂಟ್ ಹಾಲು, ಅಂದರೆ ನೀರಿನಲ್ಲಿ ತೆಳ್ಳಗೆ ಕಲಸಿದ ಸಿಮೆಂಟ್, ಅದರ ಬೆನ್ನಿಗೆ ಗಟ್ಟಿಯಾಗಿ ಕಚ್ಚುವುದಿಲ್ಲ. ಅದಕ್ಕೆಂದೇ ಬರುವ ಅಂಟನ್ನು ಹಲ್ಲಿನ ಕರಣೆಯಿಂದ ಪೂರ್ತಿ ಹರಡಬೇಕು. ನಮ್ಮ ಗೌಂಡಿ ಹಳೆಯ ರೂಢಿಯಂತೆ ಸಿಮೆಂಟ್ ಹಾಲನ್ನೇ ಸುರಿದ, ನಾನೂ ಖರ್ಚು ಉಳಿಯಿತೆಂದು ಸುಮ್ಮನಿದ್ದೆ. ಈಗ ನಡುಮನೆಯ ಆರು ಟೈಲ್ಸ್ ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು ಮಾಡುತ್ತವೆ. ಲೆಕ್ಕದಲ್ಲೂ ಒಂದು ಸೂಕ್ಷ್ಮವಿದೆ. ಎರಡು ಅಡಿಯದೆಂದು ಮಾರುವ ಟೈಲ್ಸ್ ವಾಸ್ತವದಲ್ಲಿ 600 ಮಿಲಿಮೀಟರ್ ಇರುತ್ತದೆ, ಎಂದರೆ ಎರಡು ಅಡಿಗೆ ತುಸು ಕಡಿಮೆ. ನಾಲ್ಕು ಟೈಲ್ಸ್ ಇರುವ ಪೆಟ್ಟಿಗೆಯಲ್ಲಿ 16 ಚದರ ಅಡಿಯಲ್ಲ, ಸುಮಾರು 15.5 ಚದರ ಅಡಿ ಸಿಗುತ್ತದೆ. 1,200 ಚದರ ಅಡಿಗೆ 75 ಪೆಟ್ಟಿಗೆ ಎಂದು ನಾನು ಹಾಕಿದ್ದ ಲೆಕ್ಕ, ಒಡೆದದ್ದು ಕತ್ತರಿಸಿದ್ದು ಬಿಟ್ಟರೂ, ಮೂರು ಪೆಟ್ಟಿಗೆ ಕಡಿಮೆ ಬಿತ್ತು. ಮತ್ತೆ ತಂದ ಪೆಟ್ಟಿಗೆಗಳ ಬ್ಯಾಚ್ ಬೇರೆಯಾಗಿದ್ದರಿಂದ ಬಣ್ಣದ ವ್ಯತ್ಯಾಸ ದೇವರಕೋಣೆಯಲ್ಲಿ ಎದ್ದು ಕಾಣುತ್ತದೆ.

ಟೈಲ್ಸ್ ಮಾರುವವರು ಮಾದರಿಯ ಮೇಲೆ ದರದ ಚೀಟಿ ಅಂಟಿಸುವಂತೆಯೇ, ಬರಿಗಾಲಿನ ಪರೀಕ್ಷೆಯ ವರ್ಗವನ್ನೂ ಕನ್ನಡದಲ್ಲಿ ಬರೆದು ಅಂಟಿಸಬೇಕು. ತಮ್ಮ ಪುರವಣಿಯೂ ಇನ್ನು ಮುಂದೆ ಯಾವುದೇ ಟೈಲ್ಸ್ ಪರಿಚಯಿಸುವಾಗ ದರದ ಪಕ್ಕದಲ್ಲೇ ಈ ವಿವರವನ್ನು ಕೊಡಬೇಕೆಂದು ವಿನಂತಿಸುತ್ತೇನೆ.

ಇಂತಿ,
ನಿವೃತ್ತ ಶಿಕ್ಷಕ, ಕಲಬುರಗಿ