ವಾಲಿಬಾಲ್ ಹೇಳಿಕೊಡೋದೂ ಒಂದು ಕೆಲಸವಾ ಅಂದೆಯಲ್ಲ

ಪ್ರೀತಿಯ ಗೆಳೆಯ,

ಮೊನ್ನೆ ಫೋನಿನಲ್ಲಿ ನೀನು ನಕ್ಕುಬಿಟ್ಟೆ. 'ಕಾಲೇಜು ಹುಡುಗಿಯರಿಗೆ ವಾಲಿಬಾಲ್ ಹೇಳಿಕೊಡೋದೂ ಒಂದು ಕೆಲಸವಾ? ಅದಕ್ಕೂ ಒಂದು ಜೀವಮಾನ ಬೇಕಾ?' ಅಂದೆ. ಆಗ ತಕ್ಷಣ ಉತ್ತರ ಹೊಳೆಯಲಿಲ್ಲ. ಈಗ ಬರೆಯುತ್ತಿದ್ದೇನೆ, ಓದು.

ಅಮೆರಿಕದಲ್ಲಿ ಅದು ನಿಜಕ್ಕೂ ಜೀವಮಾನದ ಕೆಲಸ ಮಾರಾಯ. ಪೆನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ರಸ್ ರೋಸ್ ಅಂತ ಒಬ್ಬ ಕೋಚ್ ಇದ್ದರು. 1979ರಲ್ಲಿ ಬಂದವರು 2021ರ ಸೀಸನ್ ಮುಗಿಸಿಯೇ ಎದ್ದಿದ್ದು. 1,330 ಗೆಲುವು, ಏಳು ರಾಷ್ಟ್ರೀಯ ಪ್ರಶಸ್ತಿ. ನಡುವೆ ಅವರ ತಂಡ ಸತತ 109 ಪಂದ್ಯ ಗೆದ್ದಿತ್ತು. ಹುಡುಗಿಯರು ಆಡುವುದು ನಾಲ್ಕು ವರ್ಷ ಅಷ್ಟೇ. ಲಿಫ್ಟರ್‌ಗೂ ಸ್ಮ್ಯಾಶ್ ಮಾಡುವವಳಿಗೂ ಚೆನ್ನಾಗಿ ಹೊಂದಿಕೆ ಬಂತು ಅನ್ನುವಷ್ಟರಲ್ಲಿ ಒಬ್ಬಳ ಓದು ಮುಗಿದಿರುತ್ತದೆ. ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ ಪಂದ್ಯಗಳು. ಉಳಿದ ತಿಂಗಳುಗಳಲ್ಲಿ ಹೈಸ್ಕೂಲು ಹುಡುಗಿಯರ ಟೂರ್ನಿಗಳಿಗೆ ಹೋಗಿ ಕೂರಬೇಕು, ಮುಂದಿನವರನ್ನು ಹುಡುಕಬೇಕು, ಮನೆಯವರನ್ನು ಒಪ್ಪಿಸಬೇಕು. ಕೋಚ್ ಅಂದರೆ ಅರ್ಧ ಸೇಲ್ಸ್‌ಮನ್ ಅಂತಲೇ ನನ್ನ ಅನಿಸಿಕೆ.

ಆದರೆ ನಾನು ಹೇಳಹೊರಟಿದ್ದು ರೋಸ್ ಕತೆ ಅಲ್ಲ. ಅವರ ಕೈಕೆಳಗೆ ಆಡಿದ ಕೇಟಿ ಶೂಮಾಕರ್-ಕಾಲಿ ಅವರದ್ದು.

ಅದಕ್ಕೂ ಮುಂಚೆ ಒಂದು ವಿಚಿತ್ರ ಕೇಳು. ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ ಎನ್‌ಸಿಎಎ. ಅದರ ಮಹಿಳಾ ವಾಲಿಬಾಲ್ ಟೂರ್ನಿ ಶುರುವಾಗಿದ್ದು 1981ರಲ್ಲಿ. ಅಲ್ಲಿಂದ 2023ರವರೆಗೆ, ಮೇಲಿನ ದರ್ಜೆಯಾದ ಡಿವಿಷನ್ 1ರಲ್ಲಿ ಹೆಂಗಸೊಬ್ಬರು ಹೆಡ್ ಕೋಚ್ ಆಗಿದ್ದ ತಂಡ ಒಮ್ಮೆಯೂ ಕಪ್ ಎತ್ತಿರಲಿಲ್ಲ! ಆಡುವವರೆಲ್ಲ ಹುಡುಗಿಯರು, ಗೆಲ್ಲಿಸಿದವರೆಲ್ಲ ಗಂಡಸರು. ಇದರ ಹಿಂದೆ ಒಂದು ಕಾನೂನಿದೆ. 1972ರಲ್ಲಿ ಟೈಟಲ್ ನೈನ್ ಬಂತು, ಕಾಲೇಜುಗಳು ಹೆಣ್ಣುಮಕ್ಕಳ ಆಟಕ್ಕೂ ಅವಕಾಶ ಕೊಡಲೇಬೇಕಾಯಿತು. ಅಲ್ಲಿಯವರೆಗೆ ಮಹಿಳಾ ತಂಡಗಳಲ್ಲಿ ನೂರಕ್ಕೆ 90ಕ್ಕಿಂತ ಜಾಸ್ತಿ ತಂಡಗಳಿಗೆ ಹೆಂಗಸರೇ ಕೋಚ್. ಸಂಬಳ ಅಷ್ಟಕ್ಕಷ್ಟೇ. ಕಾನೂನಿನಿಂದ ದುಡ್ಡು ಬಂತು, ದುಡ್ಡಿನ ಹಿಂದೆ ಗಂಡಸರು ಬಂದರು. ಇವತ್ತು ಆ ಲೆಕ್ಕ ಅರ್ಧಕ್ಕಿಂತ ಕೆಳಗಿದೆ. ಒಳ್ಳೆಯ ಕಾನೂನೇ, ನಾನು ಬೇಡ ಅನ್ನುತ್ತಿಲ್ಲ. ಆದರೂ ಹೊಟ್ಟೆ ಉರಿಯುತ್ತದೆ, ಅಲ್ವಾ?

ಫ್ಲೋರಿಡಾ ವಿಶ್ವವಿದ್ಯಾಲಯದ ಹೆಡ್ ಕೋಚ್ ಆಗಿದ್ದ ಮೇರಿ ವೈಸ್ ಎರಡು ಸಲ ಬಾಗಿಲವರೆಗೆ ಹೋಗಿದ್ದರು. 2003ರಲ್ಲಿ ಫೈನಲ್, ಸೋಲು. 2017ರಲ್ಲಿ ಮತ್ತೆ ಫೈನಲ್, ಮತ್ತೆ ಸೋಲು.

ಈಗ ಕೇಟಿ ವಿಷಯ. 1999ರಲ್ಲಿ ಪೆನ್ ಸ್ಟೇಟ್ ಮೊದಲ ಸಲ ಗೆದ್ದಾಗ ಆಕೆ ಆ ತಂಡದ ಆಟಗಾರ್ತಿ. ಆಮೇಲೆ ಷಿಕಾಗೋದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ವರ್ಷಗಟ್ಟಲೆ ಹೆಡ್ ಕೋಚ್. ಟಿವಿ ಕ್ಯಾಮೆರಾ ಅಷ್ಟಾಗಿ ಸುಳಿಯದ ಜಾಗ ಅದು. ನಂತರ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಒಂದು ಸೀಸನ್. 2018ರಲ್ಲಿ ಆ ಹೆಡ್ ಕೋಚ್ ಕುರ್ಚಿ ಬಿಟ್ಟು, ತನ್ನ ಹಳೆಯ ಗುರುವಿಗೆ ಸಹಾಯಕಿಯಾಗಿ ಪೆನ್ ಸ್ಟೇಟ್‌ಗೆ ವಾಪಸ್ ಬಂದರು. ಒಂದು ಮೆಟ್ಟಿಲು ಕೆಳಗಿಳಿಯೋದು ಸುಮ್ನೆ ಮಾತಲ್ಲ. ರೋಸ್ ನಿವೃತ್ತರಾದ ಮೇಲೆ, 2022ರ ಜನವರಿಯಲ್ಲಿ ಆ ಜಾಗ ಇವರಿಗೆ ಸಿಕ್ಕಿತು. ಅಂಥವರ ನಂತರ ಬರುವ ಕಷ್ಟ ನೀನೇ ಊಹಿಸಿಕೋ.

2024ರ ಸೆಪ್ಟೆಂಬರ್‌ನಲ್ಲಿ, ಸೀಸನ್ ನಡುವೆ, ಸ್ತನ ಕ್ಯಾನ್ಸರ್ ಅಂತ ಗೊತ್ತಾಯಿತು. ಕೀಮೋ ತೆಗೆದುಕೊಳ್ಳುತ್ತಲೇ ತಂಡ ನಡೆಸಿದರು. ಡಿಸೆಂಬರ್‌ನ ಸೆಮಿಫೈನಲ್‌ನಲ್ಲಿ ನೆಬ್ರಾಸ್ಕ ವಿರುದ್ಧ ಮೊದಲ ಎರಡು ಸೆಟ್ ಹೋಯಿತು. ನಾಲ್ಕನೆಯ ಸೆಟ್‌ನಲ್ಲಿ 16-22. ಇನ್ನೇನು ಮುಗಿಯಿತು ಅನ್ನುವ ಹಂತ. ಅಲ್ಲಿಂದ ಮ್ಯಾಚ್ ಪಾಯಿಂಟ್ ಉಳಿಸಿಕೊಂಡು 28-26ಕ್ಕೆ ಎಳೆದರು, ಐದನೆಯದನ್ನು 15-13ಕ್ಕೆ ಗೆದ್ದರು.

ಡಿಸೆಂಬರ್ 22ರ ಫೈನಲ್ ನಡೆದಿದ್ದು ಲೂಯಿವಿಲ್‌ನಲ್ಲಿ, ಎದುರಾಳಿಯೂ ಲೂಯಿವಿಲ್ಲೇ. ಆ ತಂಡದ ಕೋಚ್ ಡ್ಯಾನಿ ಬಸ್‌ಬೂಮ್ ಕೆಲಿ, ಅವರೂ ಹೆಂಗಸೇ. ಅಂದರೆ ಮೊದಲ ಚೆಂಡು ಏಳುವ ಮುಂಚೆಯೇ ಇತಿಹಾಸ ಖಾತ್ರಿಯಾಗಿತ್ತು, ಯಾರ ಹೆಸರಿನಲ್ಲಿ ಅನ್ನೋದಷ್ಟೇ ಬಾಕಿ. ಪೆನ್ ಸ್ಟೇಟ್ 3-1ರಲ್ಲಿ ಗೆದ್ದಿತು. ಎರಡನೆಯ ಸೆಟ್ 32-34ರವರೆಗೆ ಹೋಗಿ ಕೈತಪ್ಪಿತು, ಅದೊಂದನ್ನೇ ಬಿಟ್ಟುಕೊಟ್ಟಿದ್ದು.

ಟಿವಿಯವರಿಗೆ ಕಾಯಿಲೆಯ ಕತೆಯೇ ಮುಖ್ಯವಾಯಿತು. ತಪ್ಪಲ್ಲ. ಆದರೆ ನನ್ನನ್ನು ಜಾಸ್ತಿ ಕಾಡಿದ್ದು ಷಿಕಾಗೋದ ಆ ವರ್ಷಗಳು, 2018ರ ಆ ಇಳಿಯುವಿಕೆ. ನೀನು 'ಜೀವಮಾನ ಬೇಕಾ' ಅಂದೆಯಲ್ಲ, ಅಲ್ಲಿ ಹೋಗಿದ್ದು ಅದೇ ಜೀವಮಾನ.

ಇನ್ನೊಂದು ಹೇಳಿಬಿಡುತ್ತೇನೆ. ಮರುತಿಂಗಳೇ ನೆಬ್ರಾಸ್ಕದ ಕೋಚ್ ಜಾನ್ ಕುಕ್ ನಿವೃತ್ತಿ ಘೋಷಿಸಿದರು. 2023ರಲ್ಲಿ ಒಂದು ವಾಲಿಬಾಲ್ ಪಂದ್ಯಕ್ಕೆ 92,003 ಜನ ಸೇರಿದ್ದು ಅದೇ ನೆಬ್ರಾಸ್ಕದಲ್ಲಿ. ಆ ಕುರ್ಚಿಗೆ ಯಾರನ್ನು ಕರೆದರು ಗೊತ್ತಾ? ಫೈನಲ್ ಸೋತ ಡ್ಯಾನಿಯನ್ನು.

ಆ ಸೆಮಿಫೈನಲ್ ವಿಡಿಯೊ ಸಿಕ್ಕರೆ ನಾಲ್ಕನೆಯ ಸೆಟ್‌ನಿಂದ ನೋಡು. ನೋಡಿ ಫೋನ್ ಮಾಡು, ಈ ಸಲ ನಗುವ ಸರದಿ ನನ್ನದು.

ನಿನ್ನ
ಗೆಳೆಯ